ಬೀಗ ಹಾಕಿದ ಕೋಣೆ

ಮುಸ್ಸಂಜೆಯ ಮಬ್ಬಿನಲ್ಲಿ ದಾರಿಯ ಮೇಲೆ ಬಿದ್ದಿರುವ ಹಗ್ಗವನ್ನು ಕಂಡು ಹಾವೆಂದು ಬೆದರುವವನ ದೃಷ್ಟಾಂತ ನಮ್ಮ ವೇದಾಂತಿಗಳಿಗೆ ಬಹು ಪ್ರಿಯವಾದುದು. ಹಗ್ಗವು ಹಗ್ಗವಾಗಿಯೇ ಇದೆ. ಅದು ಹೆಡೆಯೆತ್ತಿಲ್ಲ, ಬುಸುಗುಟ್ಟಿಲ್ಲ. ಆದರೂ ನೋಡಿದವನ ಎದೆ ನಡುಗುತ್ತದೆ, ಮೈ ಬೆವರುತ್ತದೆ. ಹಾವು ಸುಳ್ಳಾದರೂ ಭಯ ಸುಳ್ಳಲ್ಲ. ಹಾಗಾದರೆ ಆ ಭಯ ಹುಟ್ಟಿದುದು ಎಲ್ಲಿ? ದಾರಿಯಲ್ಲಲ್ಲ, ನೋಡುವವನ ಮನಸ್ಸಿನಲ್ಲಿ. ದೀಪವನ್ನು ತಂದೊಡನೆ ಹಾವು ಮಾಯವಾಗುತ್ತದೆ, ಹಗ್ಗ ಉಳಿಯುತ್ತದೆ.

ಈ ಹಳೆಯ ದೃಷ್ಟಾಂತವನ್ನೇ ಹೊಸ ಕಾಲದ ಬೆಳ್ಳಿತೆರೆ ತನ್ನ ಬಂಡವಾಳವನ್ನಾಗಿ ಮಾಡಿಕೊಂಡಿದೆ. ಚಲನಚಿತ್ರಗಳಲ್ಲಿ ಮನೋವೈಜ್ಞಾನಿಕ ರೋಮಾಂಚಕ ಚಿತ್ರವೆಂಬ ಒಂದು ಬಗೆಯುಂಟು. ಜನರು ಇದನ್ನು ಸೈಕಲಾಜಿಕಲ್ ಥ್ರಿಲ್ಲರ್ ಎಂದು ಕರೆಯುವುದೇ ಹೆಚ್ಚು. ದೆವ್ವದ ಕಥೆಯಲ್ಲಿ ಭಯದ ಕಾರಣ ಮನುಷ್ಯಲೋಕದ ಆಚೆ ಇರುತ್ತದೆ. ಪತ್ತೇದಾರಿ ಕಥೆಯಲ್ಲಿ ಅಪರಾಧಿ ಯಾರೆಂಬುದೇ ಮುಖ್ಯ ಪ್ರಶ್ನೆ. ಮನೋವೈಜ್ಞಾನಿಕ ಚಿತ್ರದಲ್ಲಿಯಾದರೋ ರಹಸ್ಯವು ಯಾವುದೋ ಒಂದು ಪಾತ್ರದ ಮನಸ್ಸಿನೊಳಗೇ ಅಡಗಿರುತ್ತದೆ. ನಡೆದುದು ಏನು ಎಂಬುದಕ್ಕಿಂತ ನಡೆದುದನ್ನು ಆ ಮನಸ್ಸು ಹೇಗೆ ಕಂಡಿತು ಎಂಬುದು ಇಲ್ಲಿ ದೊಡ್ಡ ಪ್ರಶ್ನೆ.

ಪ್ರತಿಯೊಂದು ಕಲೆಗೂ ತನ್ನದೇ ಆದ ಕೆಲವು ಒಪ್ಪಂದಗಳಿರುತ್ತವೆ. ನಮ್ಮ ಕಾವ್ಯಗಳಲ್ಲಿ ಚಕೋರ ಪಕ್ಷಿಯು ಬೆಳದಿಂಗಳನ್ನು ಕುಡಿದು ಜೀವಿಸುತ್ತದೆ. ಹಂಸವು ನೀರಿನಿಂದ ಹಾಲನ್ನು ಬೇರ್ಪಡಿಸುತ್ತದೆ. ಇವುಗಳಿಗೆ ಕವಿಸಮಯಗಳೆಂದು ಹೆಸರು. ಕವಿಯೂ ಬಲ್ಲ, ಓದುಗನೂ ಬಲ್ಲ, ಇವು ಲೋಕದ ಸತ್ಯಗಳಲ್ಲವೆಂದು. ಬಲ್ಲವರಾದುದರಿಂದಲೇ ಅವುಗಳ ಸೊಗಸನ್ನು ಸವಿಯುತ್ತಾರೆ. ಹಾಲಿಗೆ ನೀರು ಬೆರೆಯಿತೆಂದು ಹಂಸವನ್ನು ಹುಡುಕಿಕೊಂಡು ಯಾರೂ ಹೋಗುವುದಿಲ್ಲ. ಚಲನಚಿತ್ರಕ್ಕೂ ಇಂತಹ ಸಮಯಗಳಿವೆ. ಅವುಗಳನ್ನು ಚಿತ್ರಸಮಯಗಳೆಂದು ಕರೆಯಬಹುದು. ಆದರೆ ಕವಿಸಮಯವನ್ನು ಗುರುತಿಸುವಷ್ಟು ಸುಲಭವಾಗಿ ಪ್ರೇಕ್ಷಕನು ಚಿತ್ರಸಮಯವನ್ನು ಗುರುತಿಸುವುದಿಲ್ಲ. ತೆರೆಯ ಮೇಲೆ ನಡೆಯುವುದು ಕಣ್ಣಿಗೆ ನಿಜದಂತೆಯೇ ತೋರುವುದೇ ಇದಕ್ಕೆ ಕಾರಣ.

ಈ ಬಗೆಯ ಚಿತ್ರಗಳ ಮೊದಲನೆಯ ಸಮಯವೆಂದರೆ ಮುಚ್ಚಿದ ಸ್ಥಳ. ಹಳೆಯ ಅರಮನೆ, ಊರಾಚೆಯ ಬಂಗಲೆ, ಯಾರೂ ತೆರೆಯಬಾರದೆಂದು ಬೀಗ ಹಾಕಿದ ಒಂದು ಕೋಣೆ. ಇಂತಹ ಕೋಣೆ ಕಥೆಯಲ್ಲಿ ಕಾಣಿಸಿಕೊಂಡಿತೆಂದರೆ ಅದು ತೆರೆದೇ ತೆರೆಯುತ್ತದೆಯೆಂದು ಪ್ರೇಕ್ಷಕನಿಗೆ ಗೊತ್ತು. ಆ ಕೋಣೆ ಇಟ್ಟಿಗೆ ಗಾರೆಗಳ ಕೋಣೆ ಮಾತ್ರವಲ್ಲ. ಅದು ಮನಸ್ಸಿನಲ್ಲಿ ಹುದುಗಿಸಿಟ್ಟ ನೋವಿನ ಸಂಕೇತ. ಹೊರಗಿನ ಬೀಗ ಕಳಚಿದಾಗ ಒಳಗಿನ ಬೀಗವೂ ಕಳಚುತ್ತದೆ.

ಎರಡನೆಯದು ತಪ್ಪು ದಾರಿಯ ಸಂದೇಹ. ನಿರ್ದೇಶಕನು ಒಬ್ಬ ನಿರಪರಾಧಿಯ ಮೇಲೆ ಪ್ರೇಕ್ಷಕನಿಗೆ ಅನುಮಾನ ಬರುವಂತೆ ಮಾಡುತ್ತಾನೆ. ಆ ಪಾತ್ರ ಬೇಕಾದಾಗ ಇರುವುದಿಲ್ಲ, ಬೇಡವಾದಾಗ ಬಾಗಿಲ ಮರೆಯಲ್ಲಿ ನಿಂತಿರುತ್ತದೆ. ನಿಜವಾದ ಕಾರಣವೋ ಎಲ್ಲರ ಕಣ್ಣೆದುರಿಗೇ ನಗುನಗುತ್ತಾ ಓಡಾಡುತ್ತಿರುತ್ತದೆ.

ಮೂರನೆಯದು ನಂಬಲಾಗದ ಕಣ್ಣು. ಕಥೆಯನ್ನು ನಾವು ಒಂದು ಪಾತ್ರದ ದೃಷ್ಟಿಯಿಂದಲೇ ನೋಡುತ್ತಾ ಬರುತ್ತೇವೆ. ಆ ದೃಷ್ಟಿಯೇ ದೋಷಪೂರಿತವೆಂದು ಕೊನೆಗೆ ತಿಳಿಯುತ್ತದೆ. 1920ರಲ್ಲಿ ಜರ್ಮನಿಯಲ್ಲಿ ತೆರೆಕಂಡ ‘ಡಾಕ್ಟರ್ ಕ್ಯಾಲಿಗರಿಯ ಕ್ಯಾಬಿನೆಟ್’ ಎಂಬ ಮೂಕಿಚಿತ್ರದಲ್ಲಿ ಮನೆಗಳು ವಾಲಿಕೊಂಡಿವೆ, ಬೀದಿಗಳು ಸೊಟ್ಟಗಿವೆ, ನೆರಳುಗಳನ್ನು ಬಣ್ಣದಿಂದ ಬರೆಯಲಾಗಿದೆ. ಕಥೆ ಹೇಳುತ್ತಿರುವವನು ಮಾನಸಿಕ ಆಸ್ಪತ್ರೆಯ ರೋಗಿಯೆಂಬುದು ಕೊನೆಯಲ್ಲಿ ತಿಳಿದಾಗ ಆ ಸೊಟ್ಟ ಬೀದಿಗಳ ಅರ್ಥವೂ ಹೊಳೆಯುತ್ತದೆ. ಪವನ್ ಕುಮಾರ್ ನಿರ್ದೇಶಿಸಿದ ‘ಲೂಸಿಯಾ’ ಎಂಬ ಕನ್ನಡ ಚಿತ್ರ ಬಂದುದು 2013ರಲ್ಲಿ. ಅದರ ನಾಯಕ ಚಿತ್ರಮಂದಿರದಲ್ಲಿ ಟಾರ್ಚು ಹಿಡಿದು ಆಸನ ತೋರಿಸುವ ಯುವಕ. ನಿದ್ದೆ ಬಾರದ ರೋಗಿ. ನಿದ್ದೆಗಾಗಿ ಗುಳಿಗೆ ನುಂಗಿದಾಗ ಕನಸಿನಲ್ಲಿ ಅವನು ಪ್ರಸಿದ್ಧ ನಟ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ ಸಾಗುತ್ತದೆ. ಯಾವುದು ಕನಸು, ಯಾವುದು ನನಸು ಎಂಬುದನ್ನು ಪ್ರೇಕ್ಷಕನು ಕೊನೆಯವರೆಗೂ ತೂಗಿ ನೋಡುತ್ತಲೇ ಇರಬೇಕಾಗುತ್ತದೆ.

ನಾಲ್ಕನೆಯದು ಅಚ್ಚರಿಗಿಂತ ಕಾತರಕ್ಕೆ ಕೊಡುವ ಹಿರಿಮೆ. ಈ ಕಲೆಯಲ್ಲಿ ಪಳಗಿದ ಕೈಯೆನಿಸಿದ ಆಲ್‌ಫ್ರೆಡ್ ಹಿಚ್‌ಕಾಕ್ ಇದನ್ನು ಒಂದು ಉದಾಹರಣೆಯಿಂದ ವಿವರಿಸುತ್ತಿದ್ದನು. ಇಬ್ಬರು ಮೇಜಿನ ಮುಂದೆ ಕುಳಿತು ಮಾತನಾಡುತ್ತಿರುವಾಗ ಇದ್ದಕ್ಕಿದ್ದಂತೆ ಬಾಂಬು ಸಿಡಿದರೆ ಪ್ರೇಕ್ಷಕನು ಒಂದು ಕ್ಷಣ ಬೆಚ್ಚುತ್ತಾನೆ. ಮೇಜಿನ ಕೆಳಗೆ ಬಾಂಬು ಇರುವುದನ್ನು ಪ್ರೇಕ್ಷಕನಿಗೆ ಮೊದಲೇ ತೋರಿಸಿಬಿಟ್ಟರೆ, ಅದೇ ಮಾತುಕತೆಯುದ್ದಕ್ಕೂ ಅವನು ಚಡಪಡಿಸುತ್ತಾನೆ. ತಿಳಿಯದಿರುವುದರಿಂದ ಬರುವ ಭಯ ಕ್ಷಣಿಕ. ತಿಳಿದೂ ತಡೆಯಲಾಗದಿರುವುದರಿಂದ ಬರುವ ಭಯ ದೀರ್ಘ.

ಇವೆಲ್ಲವನ್ನೂ ಕಟ್ಟುವ ಉಪಕರಣಗಳು ಬೆಳಕು, ಶಬ್ದ ಮತ್ತು ಸಂಕಲನ. ಬೆಂಗಳೂರಿನ ಯಶವಂತಪುರವನ್ನು ದಾಟಿ ತುಮಕೂರಿನ ಕಡೆಗೆ ಹೋಗುವಾಗ ಗೊರಗುಂಟೆಪಾಳ್ಯದ ಬಳಿ ಕಂಠೀರವ ಸ್ಟುಡಿಯೋ ಇದೆ. 1966ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ಆವರಣದಲ್ಲಿ ಇಂದು ಡಾ. ರಾಜ್‌ಕುಮಾರ್ ಅವರ ಸಮಾಧಿಯೂ ಇದೆ. ಇಂತಹ ಸ್ಟುಡಿಯೋದ ಅಂಗಳದಲ್ಲಿ ಹಲಗೆ, ಬಟ್ಟೆ, ಬಣ್ಣಗಳಿಂದ ಎಬ್ಬಿಸಿದ ಗೋಡೆಗೆ ಹಿಂಭಾಗವೇ ಇರುವುದಿಲ್ಲ. ಪ್ರೇಕ್ಷಕನು ನಡುಗುವ ಆ ಕತ್ತಲೆಯ ಮೆಟ್ಟಿಲು ಹತ್ತು ಹೆಜ್ಜೆಗೆ ಮುಗಿದುಹೋಗುತ್ತದೆ. ಅದಕ್ಕೆ ಜೀವ ಬರುವುದು ಬೆಳಕಿನಿಂದ. ದೀಪವನ್ನು ಮುಖದ ಕೆಳಗಿನಿಂದ ಹಿಡಿದರೆ ಸೌಮ್ಯವಾದ ಮುಖವೂ ವಿಕಾರವಾಗಿ ಕಾಣುತ್ತದೆ. ಅರ್ಧ ಮುಖಕ್ಕೆ ಮಾತ್ರ ಬೆಳಕು ಬಿದ್ದರೆ ಆ ವ್ಯಕ್ತಿಯಲ್ಲಿ ಇಬ್ಬರಿರುವಂತೆ ತೋರುತ್ತದೆ. ನೆರಳು ಬೆಳಕಿನ ಈ ವಿದ್ಯೆಯಲ್ಲಿ ಭಾರತಕ್ಕೇ ಹಿರಿಯರೆನಿಸಿದ ಮೈಸೂರಿನ ವಿ. ಕೆ. ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣವನ್ನು ಕಲಿತವರು. ಗುರುದತ್ತರ ಚಿತ್ರಗಳಿಗೆ ಅವರು ಒದಗಿಸಿದ ಛಾಯಾಗ್ರಹಣ ಇಂದಿಗೂ ಮಾದರಿಯಾಗಿದೆ. 2008ನೆಯ ಸಾಲಿನ ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಆ ಶಿಕ್ಷಣ ಈಗ ನಗರದ ಹೊರವಲಯದ ಹೆಸರಘಟ್ಟದಲ್ಲಿರುವ ಸರ್ಕಾರಿ ಸಂಸ್ಥೆಯಲ್ಲಿ ನಡೆಯುತ್ತಿದೆ.

ಶಬ್ದದ ಶಕ್ತಿ ಬೆಳಕಿಗಿಂತ ಕಡಿಮೆಯೇನಲ್ಲ. ಹಿಚ್‌ಕಾಕನ ‘ಸೈಕೋ’ ಚಿತ್ರಕ್ಕೆ 1960ರಲ್ಲಿ ಬರ್ನಾರ್ಡ್ ಹರ್ಮನ್ ಕೇವಲ ತಂತಿವಾದ್ಯಗಳಿಂದ ಸಂಗೀತವನ್ನು ಹೆಣೆದನು. ಪಿಟೀಲುಗಳ ಆ ಕಿರಿಚಾಟ ಪ್ರೇಕ್ಷಕರ ನರಗಳನ್ನೇ ಮೀಟಿತು. ಮೌನವೂ ಒಂದು ವಾದ್ಯವೇ. ಸುನೀಲ್‌ಕುಮಾರ್ ದೇಸಾಯಿಯವರು 1989ರಲ್ಲಿ ‘ತರ್ಕ’ ಚಿತ್ರವನ್ನು ಹಾಡುಗಳೇ ಇಲ್ಲದೆ ನಿರೂಪಿಸಿದರು. ಬಿಗಿಯಾಗಿ ಎಳೆದ ಕುತೂಹಲದ ದಾರವನ್ನು ಹಾಡು ಸಡಿಲಗೊಳಿಸಬಾರದೆಂಬ ಎಚ್ಚರ ಅಲ್ಲಿ ಕಾಣುತ್ತದೆ. ಇನ್ನು ಸಂಕಲನದ ಮಹಿಮೆಯನ್ನು ರಷ್ಯಾದ ಕುಲೆಶೋವ್ ಎಂಬ ನಿರ್ದೇಶಕನು ಒಂದು ಪ್ರಯೋಗದಿಂದ ತೋರಿಸಿದನು. ಒಬ್ಬ ನಟನ ಒಂದೇ ಮುಖವನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕದಲ್ಲಿ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ ಜೋಡಿಸಿದಾಗ ಪ್ರೇಕ್ಷಕರು ಒಮ್ಮೆ ಹಸಿವನ್ನೂ ಇನ್ನೊಮ್ಮೆ ದುಃಖವನ್ನೂ ಆ ಮುಖದಲ್ಲಿ ಕಂಡರಂತೆ. ಮುಖ ಬದಲಾಗಿರಲಿಲ್ಲ, ಬದಲಾದುದು ನೋಡುವವರ ಮನಸ್ಸು. ಹಗ್ಗವನ್ನು ಹಾವಾಗಿಸುವ ಶಕ್ತಿ ಇದೇ.

ಐದನೆಯ ಮತ್ತು ಕೊನೆಯ ಸಮಯವೆಂದರೆ ವೈದ್ಯನ ವಿವರಣೆ. ಚಿತ್ರದ ಅಂತ್ಯದಲ್ಲಿ ಮನೋವೈದ್ಯನೊಬ್ಬನು ಬಂದು ಎಲ್ಲ ಗಂಟುಗಳನ್ನೂ ಬಿಡಿಸುತ್ತಾನೆ. ದೀಪವನ್ನು ತಂದು ಹಗ್ಗವನ್ನು ತೋರಿಸುವವನು ಇವನೇ.

ಈ ಎಲ್ಲ ಸಮಯಗಳೂ ಒಂದೆಡೆ ಕೂಡಿದ ಕನ್ನಡದ ನಿದರ್ಶನ ‘ಆಪ್ತಮಿತ್ರ’. 1993ರಲ್ಲಿ ಬಂದ ‘ಮಣಿಚಿತ್ರತ್ತಾಳ್’ ಎಂಬ ಮಲಯಾಳಂ ಚಿತ್ರವನ್ನು ಆಧರಿಸಿ ಪಿ. ವಾಸು ಅವರು ಇದನ್ನು ನಿರ್ದೇಶಿಸಿದರು, ದ್ವಾರಕೀಶರು ನಿರ್ಮಿಸಿದರು. ಹಳೆಯ ಅರಮನೆಗೆ ವಾಸಕ್ಕೆ ಬಂದ ದಂಪತಿಗಳಲ್ಲಿ ಪತ್ನಿ ಗಂಗಾ, ತೆರೆಯಬಾರದ ಕೋಣೆಯನ್ನು ತೆರೆಯಿಸುತ್ತಾಳೆ. ರಾಜನೊಬ್ಬನ ಕ್ರೌರ್ಯಕ್ಕೆ ಬಲಿಯಾದ ನಾಗವಲ್ಲಿಯೆಂಬ ನರ್ತಕಿಯ ಕಥೆ ಆ ಕೋಣೆಗೆ ಅಂಟಿಕೊಂಡಿದೆ. ಅಂದಿನಿಂದ ಮನೆಯಲ್ಲಿ ವಿಚಿತ್ರಗಳು ನಡೆಯುತ್ತವೆ. ಸಂದೇಹವು ಮನೆಯ ಇನ್ನೊಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಗಂಡನ ಗೆಳೆಯನೂ ಮನೋವೈದ್ಯನೂ ಆದ ವಿಜಯ್ ಬಂದು ನೋಡುತ್ತಾನೆ. ನಾಗವಲ್ಲಿ ಹೊರಗಿನಿಂದ ಬಂದ ಪ್ರೇತವಲ್ಲ. ನೊಂದ ಗಂಗೆಯ ಮನಸ್ಸೇ ಆ ನರ್ತಕಿಯ ವ್ಯಕ್ತಿತ್ವವನ್ನು ತಳೆದಿದೆ ಎಂದು ಅವನು ಕಂಡುಕೊಳ್ಳುತ್ತಾನೆ. ಮಾಂತ್ರಿಕ ವಿದ್ಯೆಯ ಆಚಾರ್ಯರೊಬ್ಬರ ನೆರವನ್ನೂ ಪಡೆದು, ರಾಜನ ಮೇಲಿನ ಸೇಡು ತೀರಿತೆಂದು ಅವಳ ಮನಸ್ಸು ನಂಬುವಂತೆ ಒಂದು ನಾಟಕವನ್ನೇ ಹೂಡಿ ಅವಳನ್ನು ಗುಣಪಡಿಸುತ್ತಾನೆ. ವೈದ್ಯನಾಗಿ ವಿಷ್ಣುವರ್ಧನ್, ಗಂಗೆಯಾಗಿ ಸೌಂದರ್ಯ ಅಭಿನಯಿಸಿದ್ದರು. ದೆವ್ವದ ಕಥೆಯೆಂದು ಆರಂಭವಾಗುವ ಈ ಚಿತ್ರವು ದೆವ್ವವಿಲ್ಲವೆಂಬ ಮಾತಿನಲ್ಲಿ ಮುಗಿಯುತ್ತದೆ ಎಂಬುದು ಗಮನಾರ್ಹ.

ಆದರೆ ಚಿತ್ರವು ತೆರೆಕಾಣುವ ಮುನ್ನ ಒಂದು ದುರಂತ ನಡೆಯಿತು. 2004ರ ಏಪ್ರಿಲ್ 17ರಂದು ಸೌಂದರ್ಯ ಅವರು ಚುನಾವಣಾ ಪ್ರಚಾರಕ್ಕಾಗಿ ಆಂಧ್ರದ ಕಡೆಗೆ ಹೊರಟಿದ್ದರು. ಯಲಹಂಕದ ಸಮೀಪದ ಜಕ್ಕೂರು ವಿಮಾನ ನಿಲ್ದಾಣದಿಂದ ಮೇಲೇರಿದ ಪುಟ್ಟ ವಿಮಾನವು ಸ್ವಲ್ಪ ಹೊತ್ತಿನಲ್ಲೇ ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದ ಆವರಣದಲ್ಲಿ ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. ಅವರೂ ಅವರ ಸಹೋದರರೂ ಸೇರಿದಂತೆ ನಾಲ್ವರು ಮಡಿದರು. ‘ದ್ವೀಪ’ದಂತಹ ಶ್ರೇಷ್ಠ ಚಿತ್ರವನ್ನು ನಿರ್ಮಿಸಿ, ಅದರಲ್ಲಿ ನಟಿಸಿದ್ದ ಕಲಾವಿದೆ ಹೀಗೆ ಅಕಾಲದಲ್ಲಿ ಕಣ್ಮರೆಯಾದರು. ‘ಆಪ್ತಮಿತ್ರ’ ಅದೇ ವರ್ಷದ ಆಗಸ್ಟ್‌ನಲ್ಲಿ ತೆರೆಕಂಡು ಅಪಾರ ಜನಪ್ರಿಯತೆಯನ್ನು ಗಳಿಸಿತು. ಐದು ವರ್ಷಗಳ ನಂತರ, ಇದರ ಮುಂದಿನ ಕಥೆಯಾದ ‘ಆಪ್ತರಕ್ಷಕ’ ಬಿಡುಗಡೆಯಾಗುವ ಮೊದಲೇ, 2009ರ ಡಿಸೆಂಬರ್ 30ರಂದು ವಿಷ್ಣುವರ್ಧನರು ಹೃದಯಾಘಾತದಿಂದ ನಿಧನರಾದರು.

ಎರಡು ಸಾವುಗಳನ್ನು ಜನ ಒಂದು ದಾರದಲ್ಲಿ ಪೋಣಿಸಿದರು. ಇದು ನಾಗವಲ್ಲಿಯ ಶಾಪವೆಂಬ ಮಾತು ಬಾಯಿಂದ ಬಾಯಿಗೆ ಹಬ್ಬಿತು. ಇಲ್ಲಿ ನಿಂತು ಯೋಚಿಸಬೇಕು. ನಾಗವಲ್ಲಿ ಯಾರು? ಕಥೆಗಾರನೊಬ್ಬನ ಕಲ್ಪನೆಯಲ್ಲಿ ಹುಟ್ಟಿದ ಪಾತ್ರ. ಅವಳು ಪ್ರೇತವಾಗಿ ಎಲ್ಲಿಯೂ ಇಲ್ಲವೆಂದು ಚಿತ್ರದ ವೈದ್ಯನೇ ಸಾರುತ್ತಾನೆ. ಆ ಮಾತಿಗೆ ಚಪ್ಪಾಳೆ ತಟ್ಟಿದ ಪ್ರೇಕ್ಷಕರಲ್ಲೇ ಹಲವರು ಹೊರಗೆ ಬಂದು, ಇಲ್ಲದವಳಿಗೆ ಇಬ್ಬರನ್ನು ಕೊಲ್ಲುವ ಶಕ್ತಿಯನ್ನು ಕೊಟ್ಟರು. ಅದೇ ಕಥೆಯ ಮಲಯಾಳಂ, ತಮಿಳು, ಹಿಂದಿ ರೂಪಗಳೂ ಬಂದವು. ಮಲಯಾಳಂ ಚಿತ್ರದಲ್ಲಿ ಅದೇ ಪಾತ್ರವನ್ನು ವಹಿಸಿದ್ದ ಶೋಭನಾ ಅವರು ಬಹುಕಾಲ ನೃತ್ಯಕಲೆಯಲ್ಲಿ ಬೆಳಗುತ್ತಲೇ ಬಂದರು. ಶಾಪದ ಮಾತನಾಡುವವರು ಈ ಕಡೆಗೆ ತಿರುಗಿ ನೋಡುವುದಿಲ್ಲ. ಚಿತ್ರಮಂದಿರದೊಳಗೆ ದೀಪ ಹಿಡಿದು ತೋರಿಸಿದ ಹಗ್ಗವನ್ನು ಬೀದಿಗೆ ಬಂದು ಮತ್ತೆ ಹಾವಾಗಿಸಿದಂತಾಯಿತು ಇದು.

ಚಿತ್ರಸಮಯವನ್ನು ಸತ್ಯವೆಂದು ನಂಬುವುದರಿಂದ ಇದಕ್ಕಿಂತ ದೊಡ್ಡ ಕೇಡೊಂದುಂಟು. ಇಂತಹ ಚಿತ್ರಗಳಲ್ಲಿ ಅಪಾಯವೆಲ್ಲವೂ ರೋಗಪೀಡಿತ ಮನಸ್ಸಿನಿಂದಲೇ ಬರುತ್ತದೆ. ಅವುಗಳನ್ನೇ ನೋಡಿ ಬೆಳೆದವನು ಮನೋರೋಗಿಯೆಂದರೆ ಕತ್ತಿ ಹಿಡಿದವನೆಂದೇ ಭಾವಿಸುತ್ತಾನೆ. ವಾಸ್ತವ ಹಾಗಿಲ್ಲ. ಮಾನಸಿಕ ಕಾಯಿಲೆಯುಳ್ಳವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಅವರೇ ಇತರರ ಹಿಂಸೆಗೆ ತುತ್ತಾಗುವ ಸಂಭವ ಹೆಚ್ಚು. ಒಂದು ರಾತ್ರಿಯ ನಾಟಕದಿಂದ ರೋಗ ವಾಸಿಯಾಗುವುದೂ ಚಿತ್ರಸಮಯವೇ. ನಿಜವಾದ ಚಿಕಿತ್ಸೆಗೆ ಔಷಧ ಬೇಕು, ಆಪ್ತಸಲಹೆ ಬೇಕು, ಕಾಲ ಬೇಕು. ಎಲ್ಲಕ್ಕೂ ಮಿಗಿಲಾಗಿ ಮನೆಯವರ ನಂಬಿಕೆ ಬೇಕು.

ಈ ಕೊನೆಯ ಮಾತನ್ನು ಕನ್ನಡ ಚಿತ್ರರಂಗವೇ ಬಹಳ ಹಿಂದೆ ಮನಮುಟ್ಟುವಂತೆ ಹೇಳಿದೆ. ಮನಶ್ಶಾಸ್ತ್ರವನ್ನು ಅಭ್ಯಾಸ ಮಾಡಿದ್ದ ಕಾದಂಬರಿಕಾರ್ತಿ ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು 1970ರ ದಶಕದ ಆರಂಭದಲ್ಲಿ ತೆರೆಗೆ ತಂದರು. ಕಲ್ಪನಾ ಅಭಿನಯಿಸಿದ ಕಾವೇರಿ ಎರಡನೆಯ ಹೆರಿಗೆಯ ಅನಂತರ ಮಾನಸಿಕ ಅಸ್ವಸ್ಥತೆಗೆ ಒಳಗಾಗಿ, ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆದು, ಗುಣಹೊಂದಿ ಮನೆಗೆ ಮರಳುತ್ತಾಳೆ. ಆಕೆ ಗುಣಹೊಂದಿದ್ದಾಳೆ, ಮನೆಯವರು ಗುಣಹೊಂದಿಲ್ಲ. ಅವಳು ನಕ್ಕರೂ ಅನುಮಾನ, ಸಿಟ್ಟಾದರೂ ಅನುಮಾನ. ನೆರೆಹೊರೆಯವರ ಪಿಸುಮಾತು, ಗಂಡನ ತಣ್ಣನೆಯ ತಿರಸ್ಕಾರ, ಅವನ ದ್ರೋಹ ಒಂದೊಂದೂ ಒಂದೊಂದು ಬಾಣವಾಗಿ ಅವಳ ಸುತ್ತ ಪಂಜರವನ್ನು ಕಟ್ಟುತ್ತವೆ. ಕೊನೆಗೆ ಆ ಮನಸ್ಸು ಮತ್ತೆ ಒಡೆಯುತ್ತದೆ.

ರೋಮಾಂಚಕ ಚಿತ್ರದಲ್ಲಿ ನಾವು ರೋಗಿಯನ್ನು ಕಂಡು ಹೆದರುತ್ತೇವೆ. ‘ಶರಪಂಜರ’ದಲ್ಲಿ ರೋಗಿಗಾಗಿ, ಅವಳ ಸುತ್ತಣ ಆರೋಗ್ಯವಂತರನ್ನು ಕಂಡು ಹೆದರುತ್ತೇವೆ. ಭಯಾನಕ ರಸವು ಕರುಣ ರಸವಾಗಿ ತಿರುಗುವುದು ಇಲ್ಲಿಯೇ. ಮತ್ತೆ ಸುಮಾರು ಹತ್ತು ವರ್ಷಗಳ ಬಳಿಕ ಅದೇ ನಿರ್ದೇಶಕರು ‘ಮಾನಸ ಸರೋವರ’ದಲ್ಲಿ ರೋಗಿಯನ್ನು ಗುಣಪಡಿಸಿದ ಮನೋವೈದ್ಯನೇ ಮನಸ್ಸಿನ ಸಮತೋಲವನ್ನು ಕಳೆದುಕೊಳ್ಳುವುದನ್ನು ಚಿತ್ರಿಸಿದರು. ಮನಸ್ಸಿನ ಕಾಯಿಲೆ ಬೇರೆ ಯಾವುದೋ ಜಾತಿಯ ಜನರಿಗೆ ಬರುವುದಲ್ಲ, ಯಾರಿಗೂ ಬರಬಹುದೆಂಬುದು ಅದರ ಧ್ವನಿ.

ಸಮಾಜದ ದೃಷ್ಟಿ ಹೇಗೆ ಬದಲಾಗುತ್ತಾ ಬಂದಿದೆಯೆಂಬುದನ್ನು ಬೆಂಗಳೂರಿನ ಒಂದು ಆಸ್ಪತ್ರೆಯ ಹೆಸರಿನಲ್ಲಿಯೇ ಓದಬಹುದು. 1847ರ ಸುಮಾರಿಗೆ ಆರಂಭವಾದಾಗ ಅದಕ್ಕೆ ಹುಚ್ಚರ ಆಶ್ರಯವೆಂಬ ಅರ್ಥದ ಇಂಗ್ಲಿಷ್ ಹೆಸರಿತ್ತು. 1925ರಲ್ಲಿ ಅದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯಾಯಿತು. 1954ರಲ್ಲಿ ಅದರ ಜೊತೆಗೆ ಅಖಿಲ ಭಾರತ ಮಟ್ಟದ ಶಿಕ್ಷಣ ಸಂಸ್ಥೆಯೊಂದು ಹುಟ್ಟಿತು; 1974ರಲ್ಲಿ ಎರಡೂ ಕೂಡಿ ಇಂದಿನ ನಿಮ್ಹಾನ್ಸ್ ಆಯಿತು. ಹುಚ್ಚನೆಂಬ ಪದ ಹೋಗಿ ರೋಗಿಯೆಂಬ ಪದ ಬಂದಿತು. ಈ ಸಂಸ್ಥೆ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆಯಿದೆ. ಇವರಲ್ಲಿ ಬಹುಪಾಲು ಮಂದಿ ಚಿಕಿತ್ಸೆ ಪಡೆಯದವರು. ಚಿಕಿತ್ಸೆ ಇಲ್ಲವೆಂದಲ್ಲ, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆ ಅನೇಕರ ಕಾಲನ್ನು ಕಟ್ಟಿಹಾಕಿದೆ. ಮನಸ್ಸಿಗೆ ತಡೆಯಲಾಗದ ಸಂಕಟವಾದಾಗ ಯಾರು ಬೇಕಾದರೂ 14416 ಎಂಬ ದೂರವಾಣಿ ಸಂಖ್ಯೆಗೆ ಕರೆಮಾಡಿ ಉಚಿತವಾಗಿ ಸಲಹೆ ಪಡೆಯುವ ‘ಟೆಲಿ ಮಾನಸ್’ ಸೇವೆಯನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿತು.

ಹಾಗೆಂದು ರೋಮಾಂಚಕ ಚಿತ್ರಗಳನ್ನು ನೋಡಲೇಬಾರದೆಂದು ಹೇಳುವುದು ಸರಿಯಲ್ಲ. ಭಯವೂ ಒಂದು ರಸಕ್ಕೆ ಸ್ಥಾಯಿಭಾವವೆಂದು ನಮ್ಮ ನಾಟ್ಯಶಾಸ್ತ್ರವೇ ಒಪ್ಪಿದೆ. ಸುರಕ್ಷಿತವಾದ ಆಸನದಲ್ಲಿ ಕುಳಿತು ಹೆದರುವುದರಲ್ಲಿ ಒಂದು ಸುಖವಿದೆ. ಬೇಕಾದುದು ವಿವೇಕ. ಬೆಳಕು ಎಲ್ಲಿಂದ ಬೀಳುತ್ತಿದೆ, ಸಂಗೀತ ಯಾವಾಗ ನಿಂತಿತು, ತನ್ನ ಸಂದೇಹವನ್ನು ಯಾರ ಮೇಲೆ ತಿರುಗಿಸಲಾಗುತ್ತಿದೆ ಎಂದು ಗಮನಿಸುವವನು ಚಿತ್ರವನ್ನು ಇಮ್ಮಡಿಯಾಗಿ ಸವಿಯುತ್ತಾನೆ, ಅದಕ್ಕೆ ಮರುಳಾಗುವುದಿಲ್ಲ. ಚಕೋರನ ಕಥೆಯನ್ನು ಮೆಚ್ಚಿದವನು ಮನೆಯ ಗಿಳಿಗೆ ಕಾಳು ಹಾಕದೆ ಬೆಳದಿಂಗಳಲ್ಲಿ ಬಿಡುವುದಿಲ್ಲವಷ್ಟೆ. ಹಾಗೆಯೇ ನಾಗವಲ್ಲಿಯ ಕಥೆಯನ್ನು ಮೆಚ್ಚಿದವನು ನೆರೆಮನೆಯ ರೋಗಿಯನ್ನು ನಾಗವಲ್ಲಿಯೆಂದು ದೂರವಿಡಬಾರದು. ಬೀಗ ಹಾಕಬೇಕಾದ ಕೋಣೆ ಯಾವುದಾದರೂ ಇದ್ದರೆ ಅದು ನಮ್ಮ ಪೂರ್ವಗ್ರಹದ ಕೋಣೆ. ಮನುಷ್ಯರನ್ನು ಕೂಡಿಹಾಕುವ ಕೋಣೆಯಲ್ಲ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿ:
1. ಕವಿಸಮಯವೆಂದರೇನು?
2. ‘ಶರಪಂಜರ’ ಕಾದಂಬರಿಯನ್ನು ಬರೆದವರು ಯಾರು?
3. ಕುಲೆಶೋವನ ಪ್ರಯೋಗದಲ್ಲಿ ಬದಲಾದುದು ಯಾವುದು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿ:
1. ಅಚ್ಚರಿಗೂ ಕಾತರಕ್ಕೂ ಇರುವ ವ್ಯತ್ಯಾಸವನ್ನು ಹಿಚ್‌ಕಾಕ್ ಹೇಗೆ ವಿವರಿಸಿದನು?
2. ನಾಗವಲ್ಲಿಯ ಶಾಪವೆಂಬ ಮಾತು ಏಕೆ ಸರಿಯಲ್ಲ?
3. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಹೆಸರು ಬದಲಾದ ಬಗೆ ಏನನ್ನು ಸೂಚಿಸುತ್ತದೆ?

ಇ) ಸಂದರ್ಭದೊಡನೆ ವಿವರಿಸಿ:
1. “ಹಾವು ಸುಳ್ಳಾದರೂ ಭಯ ಸುಳ್ಳಲ್ಲ.”
2. “ಆಕೆ ಗುಣಹೊಂದಿದ್ದಾಳೆ, ಮನೆಯವರು ಗುಣಹೊಂದಿಲ್ಲ.”

ಈ) ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿ: ಮನಶ್ಶಾಸ್ತ್ರ, ನೆಲಕ್ಕಪ್ಪಳಿಸಿ, ಊರಾಚೆ.

ಉ) ಸ್ವಂತ ವಾಕ್ಯಗಳಲ್ಲಿ ಬಳಸಿ: ಪೂರ್ವಗ್ರಹ, ಮರುಳಾಗು, ಬಾಯಿಂದ ಬಾಯಿಗೆ ಹಬ್ಬು.

ಊ) ನೀವು ನೋಡಿದ ಒಂದು ಚಲನಚಿತ್ರದಲ್ಲಿ ಭಯ ಅಥವಾ ಕುತೂಹಲವನ್ನು ಹುಟ್ಟಿಸಲು ಬೆಳಕನ್ನೂ ಶಬ್ದವನ್ನೂ ಹೇಗೆ ಬಳಸಿದ್ದಾರೆಂಬುದನ್ನು ಕುರಿತು ಒಂದು ಪುಟದ ಪ್ರಬಂಧ ಬರೆಯಿರಿ.